ಮೂರು ಮುಳ್ಳುಗಳ ಬೆನ್ನುಬಿದ್ದ ಮೀಟರಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ತಗಡಿನ ಶೆಡ್ಡಿನ ದೊಡ್ಡ ಬಾಗಿಲು ಅರ್ಧಕ್ಕೆ ಸರಿದು ನಿಂತಿದೆ. ಒಳಗೆ ನಾಲ್ಕು ಸೀಟಿನ ಪುಟ್ಟ ವಿಮಾನವೊಂದರ ಬಾಗಿಲಿನಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿವೆ. ಒಂದರ ಕಾಲುಚೀಲ ನೀಲಿ, ಇನ್ನೊಂದರದು ಕಂದು. ಕಾಲುಗಳ ಒಡತಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಅವರು ಪೈಲಟ್ ಸೀಟನ್ನು ಕಳಚಿ ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಹಳೆಯ ಹಾಸಿಗೆಯ ತುಂಡೊಂದನ್ನು ಹಾಸಿಕೊಂಡು ಅಂಗಾತ ಮಲಗಿದ್ದಾರೆ. ತಲೆ ಮೀಟರುಗಳ ಹಲಗೆಯ ಅಡಿಯಲ್ಲಿದೆ. ಬಾಯಲ್ಲಿ ಟಾರ್ಚು, ಬಲಗೈಯಲ್ಲಿ ಮರದ ಸೌಟು.

ಹೌದು, ಸೌಟೇ. ಅಡುಗೆಮನೆಯಿಂದ ವರ್ಗವಾಗಿ ಬಂದದ್ದು. ತಲೆಯ ಭಾಗ ಕತ್ತರಿಸಿ, ಹಿಡಿಯನ್ನಷ್ಟೇ ಉಳಿಸಿಕೊಂಡು, ತುದಿಯನ್ನು ಉಜ್ಜಿ ನುಣ್ಣಗೆ ಮಾಡಿದ್ದಾರೆ. ಆ ತುದಿಯಿಂದ ವೈರುಗಳನ್ನು ಒಂದೊಂದಾಗಿ ತಳ್ಳುತ್ತಾರೆ, ಮೆಲ್ಲನೆ ಎತ್ತುತ್ತಾರೆ, ಪಕ್ಕಕ್ಕೆ ಸರಿಸುತ್ತಾರೆ. ಪ್ರತಿ ಸಲವೂ ಎದೆಯ ಮೇಲಿಟ್ಟುಕೊಂಡ ಕನ್ನಡಿಯಲ್ಲಿ ಮೀಟರಿನ ಮುಳ್ಳು ಅಲುಗಿತೇ ಎಂದು ನೋಡುತ್ತಾರೆ. ಅಲುಗುವುದಿಲ್ಲ. ಟಾರ್ಚನ್ನು ಬಾಯಿಂದ ತೆಗೆದು, ಮುಳ್ಳಿಗೇ ಹೇಳುವಂತೆ, "ಆಯ್ತು ಕಣಪ್ಪ, ನಿನಗೂ ಹಠ, ನನಗೂ ಹಠ. ಯಾರು ಸೋಲ್ತಾರೋ ನೋಡೇಬಿಡೋಣ" ಎನ್ನುತ್ತಾರೆ.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಮೀಟರಕ್ಕ ಎಂದೇ. ವಯಸ್ಸು ಐವತ್ತು ದಾಟಿದೆ. ಎತ್ತರದ ಆಳು, ಉದ್ದ ಬೆರಳು, ಮೂಗಿನ ತುದಿಗೆ ಜಾರಿದ ಕನ್ನಡಕ. ಇವರು ಕೆಲಸ ಮಾಡುವ ಜಾಗಕ್ಕೆ ವಿಮಾನ ನಿಲ್ದಾಣ ಎಂಬ ಹೆಸರಿದೆ, ನಿಜ. ಆದರೆ ಗಾಜಿನ ಕಟ್ಟಡ, ಸೂಟ್‌ಕೇಸು ಉರುಳಿಸಿಕೊಂಡು ಓಡುವ ಜನ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಒಂದು ಡಾಂಬರು ಪಟ್ಟಿ, ಅದರ ಅಂಚಿಗೆ ಹುಲ್ಲು, ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ಇಂಧನದ ಟ್ಯಾಂಕು, ಎರಡು ಶೆಡ್ಡು. ಅಲ್ಲಿ ನಿಲ್ಲುವ ವಿಮಾನಗಳೂ ಕಾರಿಗಿಂತ ಸ್ವಲ್ಪ ದೊಡ್ಡವು ಅಷ್ಟೇ. ಖಾಸಗಿ ಜನರವು. ಒಬ್ಬರಿಗೆ ವ್ಯವಹಾರಕ್ಕೆ, ಒಬ್ಬರಿಗೆ ಶೋಕಿಗೆ, ಇನ್ನೊಬ್ಬರಿಗೆ ಜೀವ.

ಆ ವಿಮಾನಗಳ ಮುಂದಿನ ಹಲಗೆಯಲ್ಲಿ ಗುಂಡಗಿನ ಮೀಟರುಗಳು ಸಾಲಾಗಿ ಕೂತಿರುತ್ತವೆ. ವೇಗ, ಎತ್ತರ ತೋರಿಸುವ ಮೀಟರುಗಳು ಗಾಳಿಯ ಒತ್ತಡದಿಂದ ನಡೆಯುತ್ತವೆ. ಅವುಗಳ ತಂಟೆಗೆ ಇವರು ಹೋಗುವುದಿಲ್ಲ. ಇಂಧನ ಎಷ್ಟಿದೆ, ಇಂಜಿನ್ನಿನ ಎಣ್ಣೆ ಎಷ್ಟು ಕಾದಿದೆ ಎಂದು ಹೇಳುವವು ಕರೆಂಟಿನಿಂದ ನಡೆಯುತ್ತವೆ. ಅವು ಮೀಟರಕ್ಕನ ಸಂಸಾರ. ಅವುಗಳ ಹಿಂದಿನ ವೈರುಗಳನ್ನು ಬಿಚ್ಚುವುದು, ಕಟ್ಟುವುದು, ಕೊನೆಗೆ "ಈ ವಿಮಾನ ಹಾರಬಹುದು" ಎಂದು ಸಹಿ ಹಾಕುವುದು ಅವರ ಕೆಲಸ.

"ಸತ್ತು ಕೂತ ಮೀಟರು ಸಿಕ್ಕರೆ ಅದು ನನಗೆ ಹಬ್ಬ. ಬಿಚ್ಚಿದ್ರೆ ಸಿಕ್ಕೇ ಸಿಗುತ್ತೆ. ಆದ್ರೆ ಒಂದ್ಸಲ ಸರಿ, ಒಂದ್ಸಲ ತಪ್ಪು ತೋರ್ಸುತ್ತಲ್ಲ, ಅದಿದ್ಯಲ್ಲ, ಪ್ರಾಣ ತಿಂದುಬಿಡುತ್ತೆ. ನಾವು ನೋಡೋ ಹೊತ್ತಿಗೆ ಏನೂ ಗೊತ್ತಿಲ್ಲದ ಹಾಗೆ ಕೂತಿರುತ್ತೆ" ಎನ್ನುತ್ತಾರೆ ಮೀಟರಕ್ಕ.

ಈಗ ಅವರ ಪ್ರಾಣ ತಿನ್ನುತ್ತಿರುವುದು ಒಂದಲ್ಲ, ಮೂರು ಮುಳ್ಳು. ಎಡ ಟ್ಯಾಂಕಿನದು, ಬಲ ಟ್ಯಾಂಕಿನದು, ಎಣ್ಣೆಯ ಬಿಸಿಯದು. ಆಕಾಶದಲ್ಲಿ ಹೋಗುತ್ತಿರುವಾಗ ಇದ್ದಕ್ಕಿದ್ದಂತೆ ಮೂರೂ ಒಟ್ಟಿಗೆ ಜಿಗಿಯುತ್ತವಂತೆ. ಖಾಲಿಯಾಗುತ್ತ ಬಂದ ಟ್ಯಾಂಕು ತುಂಬಿದಂತೆ ತೋರುತ್ತದಂತೆ. ಆಮೇಲೆ ಒಂದಷ್ಟು ಹೊತ್ತು ಕುಣಿದು, ತಮ್ಮ ಜಾಗಕ್ಕೆ ಬಂದು ಸುಮ್ಮನಾಗುತ್ತವಂತೆ. ನೆಲಕ್ಕಿಳಿದ ಮೇಲಂತೂ, ಮೇಷ್ಟ್ರು ಒಳಗೆ ಬಂದ ಕೂಡಲೇ ಕೈಕಟ್ಟಿ ಕೂರುವ ಮಕ್ಕಳ ಹಾಗೆ ಮೂರೂ ಸಾಧುಗಳು.

ಇಷ್ಟೆಲ್ಲ "ಅಂತೆ" ಯಾಕೆಂದರೆ, ಆ ಕುಣಿತವನ್ನು ಕಣ್ಣಾರೆ ಕಂಡವರು ಒಬ್ಬರೇ. ಅವರು ಟೀಚರಮ್ಮ.

ಟೀಚರಮ್ಮ ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ವಯಸ್ಸು ಎಪ್ಪತ್ತರ ಹತ್ತಿರ. ಕುಳ್ಳಗಿನ, ಚುರುಕಾದ ಹೆಂಗಸು. ಇನ್ನೂ ಕೆಲಸದಲ್ಲಿದ್ದಾಗಲೇ ರಜೆಗಳಲ್ಲಿ ಹಾರುವುದು ಕಲಿತು ಲೈಸೆನ್ಸು ಪಡೆದವರು. ಆಮೇಲೆ ತಮ್ಮನನ್ನೂ ಎಳೆದು ತಂದು ಕಲಿಸಿದವರು. ಈ ವಿಮಾನವನ್ನು ಅಕ್ಕ ತಮ್ಮ ಇಬ್ಬರೂ ಸೇರಿ ಕೊಂಡಿದ್ದಾರೆ. ವಾರದಲ್ಲಿ ಕೆಲವು ದಿನ ಅಕ್ಕನ ಪಾಲು, ಕೆಲವು ದಿನ ತಮ್ಮನ ಪಾಲು. ತಮ್ಮನೋ, ದನದ ಡಾಕ್ಟರು. ದೊಡ್ಡ ಮೈ, ದೊಡ್ಡ ದನಿ, ಯಾವಾಗಲೂ ಬೆವರುವ ಹಣೆ. ದೂರದ ಊರುಗಳಿಗೆ ಈ ವಿಮಾನದಲ್ಲೇ ಹೋಗಿಬರುತ್ತಾರೆ.

ಮೂರು ಮುಳ್ಳು ಕುಣಿಯುತ್ತವೆ ಎಂದು ಅಕ್ಕ ಮೊದಲು ಹೇಳಿದಾಗ ಡಾಕ್ಟರು ಗಾಬರಿಯಾದರು. ತಾವೇ ಹಾರಿ ನೋಡಿದರು. ಏನೂ ಇಲ್ಲ. ಮತ್ತೆ ಅಕ್ಕ ಹಾರಿದರು, ಮತ್ತೆ ಕುಣಿಯಿತು ಎಂದರು. ಮತ್ತೆ ತಮ್ಮ ಹಾರಿದರು, ಮುಳ್ಳು ಎಳ್ಳಷ್ಟೂ ಕದಲಲಿಲ್ಲ. ಹಿಂದೆ ಈ ಶೆಡ್ಡಿಗೆ ಬಂದು ಹೋದ ಬೇರೊಬ್ಬ ಮೆಕ್ಯಾನಿಕ್ಕು ಟ್ಯಾಂಕಿನೊಳಗೆ ಇಂಧನದ ಮಟ್ಟ ಅಳೆಯುವ ಬಿಡಿಭಾಗವನ್ನೇ ಬದಲಾಯಿಸಿ ಕೈತೊಳೆದುಕೊಂಡಿದ್ದ. ಅದಾದ ಮೇಲೂ ಅಕ್ಕ "ಕುಣೀತು" ಎಂದರು. ಆಗ ಡಾಕ್ಟರ ಗಾಬರಿ ಮೀಟರಿನಿಂದ ಜಾರಿ ಅಕ್ಕನ ಮೇಲೆ ಬಂದು ನಿಂತಿತು.

"ಅಕ್ಕನ ಮೇಲೆ ನನಗೆ ಕೋಪ ಇಲ್ಲ," ಎನ್ನುತ್ತಾರೆ ಅವರು. "ಭಯ. ಇಲ್ಲದ್ದು ಕಾಣಿಸ್ತಿದೆ ಅಂದ್ರೆ ಏನರ್ಥ? ನಾಳೆ ಇರೋದು ಕಾಣಿಸದೆ ಹೋದ್ರೆ? ಒಬ್ಬಳೇ ಮೇಲೆ ಇರ್ತಾಳೆ. ಈ ವಾರ ಮೀಟರಕ್ಕ ನೋಡಲಿ. ದೋಷ ಸಿಕ್ಕರೆ ನನ್ನಷ್ಟು ಖುಷಿಪಡೋರು ಯಾರೂ ಇಲ್ಲ. ಸಿಗದಿದ್ರೆ ಅಕ್ಕ ಇನ್ಮೇಲೆ ನನ್ನ ಪಕ್ಕದ ಸೀಟಲ್ಲಿ ಕೂತ್ಕೋಬೇಕು. ಅವಳಿಗೂ ಹೇಳಿದೀನಿ."

ಟೀಚರಮ್ಮನಿಗೆ ಈ ಮಾತು ಎಲ್ಲಿ ತಾಗಿತೆಂದು ಅವರೇ ಹೇಳುತ್ತಾರೆ. "ಅವನಿಗೆ ಸೈಕಲ್ ಕಲಿಸಿದ್ದು ನಾನು, ವಿಮಾನ ಕಲಿಸಿದ್ದು ನಾನು. ಈಗ ಪಕ್ಕದಲ್ಲಿ ಕೂತ್ಕೊಂಡು ಕಿಟಕಿಯಿಂದ ಹೊಲ ನೋಡಬೇಕಂತೆ. ಕಣ್ಣು ಹೋಗಿದ್ರೆ ಹೋಗಿದೆ ಅಂತ ಒಪ್ಕೊಳ್ತೀನಿ. ಆದ್ರೆ ಕುಣಿದದ್ದು ಕುಣಿದಿದೆ. ನಾನು ನೋಡಿದೀನಿ" ಎನ್ನುತ್ತಾರೆ.

ಮೀಟರಕ್ಕ ಆ ಮಾತನ್ನು ನಂಬಿದ್ದಾರೆಯೇ ಎಂದರೆ, ಅವರ ಉತ್ತರ ಬಹಳ ಸರಳ. "ನಂಬೋದು ಬಿಡೋದು ಆಮೇಲೆ. ಮೂರು ಒಟ್ಟಿಗೆ ಜಿಗಿದ್ವು ಅಂದ್ರಲ್ಲ, ಅಲ್ಲೇ ನನ್ನ ಕಿವಿ ನೆಟ್ಟಗಾಯ್ತು. ಕಣ್ಣಿಗೆ ವಯಸ್ಸಾದ್ರೆ ಎಲ್ಲಾ ಮೀಟರೂ ಮಂಜಾಗಬೇಕು. ಕರೆಂಟಿನ ಮೂರೇ ಮೀಟರು ಆರಿಸ್ಕೊಂಡು ಕುಣಿಯೋ ಕಣ್ಣು ನಾನಂತೂ ನೋಡಿಲ್ಲ."

ಈ ತರ್ಕ ಅವರಿಗೆ ಬಂದದ್ದು ಅಪ್ಪನಿಂದ. ಅಪ್ಪನದು ಲಾರಿ, ಬಸ್ಸುಗಳ ಮೀಟರ್ ರಿಪೇರಿ ಅಂಗಡಿ. ಇಕ್ಕಟ್ಟಾದ ಬೀದಿಯಲ್ಲಿ ಒಂದು ಮೇಜು, ಒಂದು ದೀಪ ಹಿಡಿಸುವಷ್ಟು ಜಾಗ. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲಿಗೇ ಬಂದು ಕೂರುತ್ತಿದ್ದಳು. ಒಂದು ಮುಳ್ಳು ಕೆಟ್ಟರೆ ಆ ಮೀಟರನ್ನು ನೋಡು, ಎಲ್ಲ ಮುಳ್ಳೂ ಒಟ್ಟಿಗೆ ಕೆಟ್ಟರೆ ಮೀಟರು ಬಿಟ್ಟು ಅವೆಲ್ಲಕ್ಕೂ ಸೇರಿದ ವೈರು ನೋಡು ಎಂದು ಅಪ್ಪ ಹೇಳಿಕೊಟ್ಟದ್ದು ಅಲ್ಲಿಯೇ. ಅಪ್ಪನ ಕಾಲಾನಂತರ ಅಂಗಡಿಯನ್ನು ಮಗಳೇ ನಡೆಸಿದರು. ಆದರೆ ವಾಹನಗಳಲ್ಲಿ ಮುಳ್ಳು ಹೋಗಿ ಅಂಕಿ ತೋರಿಸುವ ಮೀಟರುಗಳು ಬಂದವು. ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂರುವ ಕಾಲ ಬಂತು.

ಹಾಗೆ ಕೂತಿದ್ದಾಗಲೇ ಈ ಶೆಡ್ಡಿನ ಮಾಲೀಕರು ಕೈಯಲ್ಲೊಂದು ಮೀಟರು ಹಿಡಿದು ಬಂದರು. ರಿಪೇರಿ ಮಾಡಿಸಿಕೊಂಡು ಹೋಗುವಾಗ, ಇದು ಯಾವ ಲಾರಿಯದು ಎಂದು ಕೇಳಿದ್ದಕ್ಕೆ ಮೇಲಕ್ಕೆ ಬೆರಳು ತೋರಿಸಿದರಂತೆ. "ಆವತ್ತು ನನಗೆ ನಿದ್ದೇನೇ ಬರಲಿಲ್ಲ. ಲಾರಿ ಮೀಟರು ತಪ್ಪಾದ್ರೆ ಡ್ರೈವರು ರಸ್ತೆ ಪಕ್ಕ ನಿಲ್ಲಿಸ್ತಾನೆ. ಇವರು ಎಲ್ಲಿ ನಿಲ್ಲಿಸ್ತಾರೆ?" ಎನ್ನುತ್ತಾರೆ ಮೀಟರಕ್ಕ.

ಮಾಲೀಕರು ಕೆಲಸಕ್ಕೆ ಕರೆದರು. ಆದರೆ ವಿಮಾನಕ್ಕೆ ಕೈ ಹಾಕಬೇಕಾದರೆ ಪರೀಕ್ಷೆ ಪಾಸಾಗಬೇಕು. ಸಂಸಾರ, ಅಡುಗೆ, ಶಾಲಾಬಸ್ಸು ಓಡಿಸುವ ಗಂಡ, ಇಬ್ಬರು ಮಕ್ಕಳು, ಇವುಗಳ ನಡುವೆ ಪುಸ್ತಕ ಹಿಡಿದು ಕೂತರು. ಒಂದು ಸಲ ಫೇಲು. ಇನ್ನೊಂದು ಸಲವೂ ಫೇಲು. ನೆಂಟರು ಮೂಗು ಮುರಿದರು. ಪಟ್ಟು ಬಿಡದವರು ಇಬ್ಬರೇ, ಒಬ್ಬರು ಇವರು, ಇನ್ನೊಬ್ಬರು ಇವರ ಅತ್ತೆ. ಅತ್ತೆ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಉತ್ತರ ತಪ್ಪಿದರೆ ಅಕ್ಕಪಕ್ಕದ ಮನೆಗೆಲ್ಲ ಕೇಳುವಂತೆ "ತಪ್ಪು!" ಎನ್ನುತ್ತಿದ್ದರು. ಆ ನಾಚಿಕೆಗೇ ಪಾಸಾದೆ ಎಂದು ಮೀಟರಕ್ಕ ನಗುತ್ತಾರೆ.

ಅತ್ತೆಗೆ ಈಗಲೂ ಸೊಸೆಯ ಬಗ್ಗೆ ಹೆಮ್ಮೆ ಇದೆ, ದೂರೂ ಇದೆ. "ಊರೋರ ವಿಮಾನ ಎಲ್ಲಾ ಸರಿ ಮಾಡ್ತಾಳೆ. ನಮ್ಮನೆ ಇಸ್ತ್ರಿ ಪೆಟ್ಟಿಗೆ ಕೆಟ್ಟು ಎಷ್ಟು ಕಾಲ ಆಯ್ತೋ. ಕೇಳಿದ್ರೆ, ಅದಕ್ಕೆ ಮುಳ್ಳಿಲ್ಲ ಅತ್ತೆ ಅಂತಾಳೆ" ಎನ್ನುತ್ತಾರೆ ಅವರು. ಜೋಡಿಯಲ್ಲದ ಕಾಲುಚೀಲದ ಬಗ್ಗೆಯೂ ಅತ್ತೆಯ ತಕರಾರಿದೆ. ಕತ್ತಲಿನಲ್ಲೇ ಎದ್ದು ಹೊರಡುವವರಿಗೆ ಬಣ್ಣ ಕಾಣುವುದಿಲ್ಲ ಎಂಬುದು ಸೊಸೆಯ ಸಮಜಾಯಿಷಿ.

ಶೆಡ್ಡಿನಲ್ಲಿ ಮೊದಮೊದಲು ಕಷ್ಟ ಬೇರೆಯದೇ ಇತ್ತು. ವಿಮಾನದ ಮಾಲೀಕರು ಬಂದು ಇವರ ಮುಖ ನೋಡಿಕೊಂಡೇ "ಮೆಕ್ಯಾನಿಕ್ ಎಲ್ಲಿ?" ಎನ್ನುತ್ತಿದ್ದರು. "ನಿಮ್ಮ ಮುಂದೇನೇ ಇದೀನಲ್ಲ ಸ್ವಾಮಿ" ಎಂದು ಹೇಳಿ ಹೇಳಿ ಬಾಯಿ ಒಣಗಿತ್ತು. ಈಗ ಯಾರೂ ಕೇಳುವುದಿಲ್ಲ. ಬದಲಿಗೆ ಕತ್ತು ಕೇಳುತ್ತದೆ, ಬೆನ್ನು ಕೇಳುತ್ತದೆ. ದಿನವಿಡೀ ಮೀಟರ್ ಹಲಗೆಯ ಅಡಿಯಲ್ಲಿ ತಲೆ ಕೆಳಗಾಗಿ ಮಲಗುವವರಿಗೆ ಸಂಜೆ ನೆಟ್ಟಗೆ ನಿಲ್ಲುವುದೇ ಒಂದು ಕೆಲಸ. ಎರಡು ಶೆಡ್ಡಿನ ಹನ್ನೆರಡು ವಿಮಾನಗಳಿಗೂ ಮೀಟರಿನ ಕೆಲಸಕ್ಕೆ ಇವರೊಬ್ಬರೇ ಗತಿ.

ಮೀಟರಕ್ಕನ ಕೆಲಸದ ರೀತಿಯೊಂದನ್ನು ಇಲ್ಲಿ ಹೇಳಲೇಬೇಕು. ಉಪಕರಣ ಮುಟ್ಟುವ ಮೊದಲು ಅವರು ಪೈಲಟ್ಟನ್ನು ನಿಂತ ವಿಮಾನದಲ್ಲಿ ಕೂರಿಸಿ, ದೋಷ ಕಂಡ ದಿನದ ಹಾರಾಟವನ್ನು ಮತ್ತೆ ಆಡಿಸುತ್ತಾರೆ. ಇಂಜಿನ್ ಆನ್ ಇಲ್ಲ, ಮಾತೂ ಇಲ್ಲ. ಬರೀ ಕೈ. ಯಾವ ಸ್ವಿಚ್ಚು ಯಾವಾಗ ಒತ್ತಿದರು, ಯಾವ ಕಡೆ ಬಗ್ಗಿದರು, ಎಲ್ಲವನ್ನೂ ಮೂಕರಂತೆ ಮಾಡಿ ತೋರಿಸಬೇಕು. ಮೊದಲ ಸಲ ಬಂದವರಿಗೆ ಇದು ಮಕ್ಕಳಾಟ ಅನ್ನಿಸುತ್ತದೆ. "ಬಾಯಲ್ಲಿ ಹೇಳಿ ಅಂದ್ರೆ ಎಲ್ಲರೂ 'ಏನೂ ಮಾಡ್ಲಿಲ್ಲ, ಸುಮ್ನೆ ಹಾರಿಸ್ತಿದ್ದೆ' ಅಂತಾರೆ. ಸುಮ್ನೆ ಹಾರಿಸೋರು ಯಾರೂ ಇಲ್ಲ. ಅವರಿಗೇ ಗೊತ್ತಿಲ್ಲದ್ದು ಅವರ ಕೈಗೆ ಗೊತ್ತಿರುತ್ತೆ" ಎಂಬುದು ಅವರ ವಾದ.

ಟೀಚರಮ್ಮನೂ ಹಾಗೆಯೇ ಕೂತು ಆಡಿ ತೋರಿಸಿದ್ದರು. ಡಾಕ್ಟರು ವಿಮಾನದ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಮೇಲೇರುವ ಹೊತ್ತಿನ ಆಟ ಬಂದಾಗ ಟೀಚರಮ್ಮನ ಬಲಗೈ ಹಲಗೆಯ ಕೆಳಗಿನ ಸಾಲಿನ ಕಡೆ ಹೋಯಿತು. ನಡುವೆಯೇ ನಿಂತು, ಮಡಿಲಿಗೆ ವಾಪಸ್ಸಾಯಿತು. ಮೀಟರಕ್ಕ ಅದನ್ನು ಕಂಡರು. ಆ ಸಾಲಿನಲ್ಲಿ ಕರೆಂಟಿನದು ಯಾವುದೂ ಇಲ್ಲ ಎಂದು ಬಿಟ್ಟುಬಿಟ್ಟರು.

ಆಮೇಲೆ ಶುರುವಾದದ್ದೇ ಹುಡುಕಾಟ. ಮೂರು ಮೀಟರಿಗೂ ಕರೆಂಟು ಬರುವ ದಾರಿ ಒಂದೇ, ಅದನ್ನು ಅಳೆದರು. ಸರಿಯಾಗಿದೆ. ಮೂರರಿಂದಲೂ ಕರೆಂಟು ವಾಪಸ್ಸು ಹೋಗುವ ಅರ್ತ್ ವೈರೂ ಒಂದೇ. ಅದನ್ನೂ ಅಳೆದರು, ಸೌಟಿನಿಂದ ಅಲುಗಿಸಿದರು. ಅದೂ ಸರಿಯಾಗಿದೆ. ಇಂಜಿನ್ ಓಡಿಸಿ ನೋಡಿದರು, ದೀಪ ಹಚ್ಚಿ ನೋಡಿದರು, ರೇಡಿಯೋದಲ್ಲಿ ಮಾತಾಡಿ ನೋಡಿದರು. ಮುಳ್ಳುಗಳು ಜಪ್ಪಯ್ಯ ಎಂದರೂ ಕದಲಲಿಲ್ಲ. ಶೆಡ್ಡಿನ ಮಾಲೀಕರಿಗೆ ತಾಳ್ಮೆ ಕೆಟ್ಟಿತು. ಹೊಸ ಮೀಟರುಗಳನ್ನು ಹಾಕಿ, ಸಹಿ ಮಾಡಿ ಕಳಿಸಮ್ಮ, ಎಷ್ಟು ದಿನ ಒಂದೇ ವಿಮಾನದ ಕೆಳಗೆ ಮಲಗ್ತೀಯ ಎಂದರು.

"ಏನು ಕೆಟ್ಟಿದೆ ಅಂತ ಗೊತ್ತಿಲ್ದೆ ಹೊಸದು ಹಾಕೋದು ರಿಪೇರಿ ಅಲ್ಲ ಸಾರ್, ಲಾಟರಿ. ಸಹಿ ಬೇಕಾದ್ರೆ ಬೇರೆಯವರ ಹತ್ರ ಹಾಕಿಸ್ಕೊಳ್ಳಿ" ಎಂದರು ಮೀಟರಕ್ಕ. ಮಾಲೀಕರು ಗೊಣಗಿಕೊಂಡು ಹೋದರು. ಬೇರೆಯವರನ್ನು ಮಾತ್ರ ಕರೆಸಲಿಲ್ಲ.

ನೆಲದ ಮೇಲೆ ಸಿಗದಿದ್ದರೆ ಉಳಿದದ್ದು ಆಕಾಶ. ಇಲ್ಲೊಂದು ಗುಟ್ಟಿದೆ. ಮೀಟರಕ್ಕನಿಗೆ ಹಾರುವುದೆಂದರೆ ಆಗದು. ಹೊಟ್ಟೆ ತೊಳಸುತ್ತದೆ. "ವಿಮಾನ ಅಂದ್ರೆ ಪ್ರಾಣ, ಆದ್ರೆ ಅದು ನೆಲದ ಮೇಲಿರಬೇಕು" ಎನ್ನುವವರು ಅವರು. ಆದರೂ ನಿನ್ನೆ ಡಾಕ್ಟರ ಪಕ್ಕದಲ್ಲಿ ಕೂತು ಊರ ಮೇಲೆ ಸುತ್ತು ಹಾಕಿ ಬಂದರು. ಡಾಕ್ಟರು ಅರ್ಧ ತೋಳಿನ ಅಂಗಿ ತೊಟ್ಟು, ಗಾಳಿಕಿಂಡಿ ಪೂರ್ತಿ ತೆರೆದುಕೊಂಡು ಹಾಡುತ್ತ ಹಾರಿಸಿದರು. ಮುಳ್ಳುಗಳು ತೆಪ್ಪಗಿದ್ದವು. ಇಳಿದ ಮೇಲೆ ಡಾಕ್ಟರು ಹಾಡು ನಿಲ್ಲಿಸಿ, "ನೋಡಿದ್ರಲ್ಲ ಅಕ್ಕಾವ್ರೇ, ನನಗೂ ಇದು ಬೇಕಿರಲಿಲ್ಲ" ಎಂದರು. ಅಕ್ಕನಿಗೆ ಹೇಗೆ ಹೇಳಲಿ ಎಂಬ ಚಿಂತೆ ಅವರ ಮುಖದಲ್ಲಿ ಕಾಣುತ್ತಿತ್ತು.

ಮೀಟರಕ್ಕ ಒಂದು ದಿನದ ಗಡುವು ಕೇಳಿದರು. ಆ ದಿನವೇ ಇವತ್ತು.

ಬೆಳಕು ಹರಿಯುವ ಹೊತ್ತಿಗೆ ಅವರು ಸೀಟನ್ನು ಮತ್ತೆ ಜೋಡಿಸಿ, ವಿಮಾನವನ್ನು ಹೊರಗೆ ತಳ್ಳಿಸಿದ್ದಾರೆ. ಟೀಚರಮ್ಮ ಬರುತ್ತಾರೆ. ಉದ್ದ ತೋಳಿನ ಸ್ವೆಟರು, ಮೇಲೊಂದು ಕೋಟು, ಕೈಯಲ್ಲಿ ತೆಳುವಾದ ಅಳತೆಕಡ್ಡಿ. ಆ ಕಡ್ಡಿಯನ್ನು ರೆಕ್ಕೆಯ ಮೇಲಿನ ಮುಚ್ಚಳದಿಂದ ಟ್ಯಾಂಕಿಗೆ ಇಳಿಸಿ, ಇಂಧನ ಎಷ್ಟಿದೆಯೆಂದು ಕಣ್ಣಾರೆ ನೋಡಿಕೊಳ್ಳುತ್ತಾರೆ. ಮೀಟರನ್ನು ನಂಬುವಂತಿಲ್ಲದ ದಿನ ಕಡ್ಡಿಯೇ ದಿಕ್ಕು. ಊರು ಬಿಟ್ಟು ಹೋಗುವುದಿಲ್ಲ, ಡಾಂಬರು ಪಟ್ಟಿ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಸುತ್ತುತ್ತೇವೆ ಎಂದು ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಡಾಕ್ಟರು ದೂರದಲ್ಲಿ ಬೇಲಿಗೆ ಒರಗಿ, ಕೈಕಟ್ಟಿ ನಿಂತಿದ್ದಾರೆ.

ಟೀಚರಮ್ಮ ಹಾರಿಸುವುದನ್ನು ನೋಡುವುದೇ ಒಂದು ಸೊಗಸು. ಮಕ್ಕಳ ಅಕ್ಷರ ತಿದ್ದುವವರ ಹಾಗೆ ಎರಡೇ ಬೆರಳಿನಲ್ಲಿ ಹಿಡಿತ. ವಿಮಾನ ನೆಲ ಬಿಟ್ಟದ್ದೂ ತಿಳಿಯುವುದಿಲ್ಲ. ಮೇಲೇರುತ್ತಾರೆ, ತಿರುಗುತ್ತಾರೆ. ಕೆಳಗೆ ಮನೆಗಳ ಮಾಡು, ಹೊಗೆ, ಶಾಲಾಬಸ್ಸಿನ ಹಳದಿ. ಮೀಟರಕ್ಕ ಅದಾವುದನ್ನೂ ನೋಡುವುದಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರಂತೆ ಮೂರು ಮುಳ್ಳುಗಳನ್ನೇ ನೋಡುತ್ತಿದ್ದಾರೆ.

ಏನೂ ಇಲ್ಲ. ಇನ್ನೊಂದು ಸುತ್ತು. ಏನೂ ಇಲ್ಲ. ಟೀಚರಮ್ಮನ ತುಟಿ ಬಿಗಿಯುತ್ತದೆ. "ಇವತ್ತೇ ಕೈಕೊಡಬೇಕಾ ಇವು" ಎನ್ನುತ್ತಾರೆ. ಆಮೇಲೆ, "ನಿಜ ಹೇಳು ಕಣಮ್ಮ. ನನಗೇ ಹಾಗೆ ಕಾಣಿಸಿರಬಹುದಾ?" ಎಂದು ಕೇಳುತ್ತಾರೆ. ಇಷ್ಟು ದಿನ ಕುಣಿದದ್ದು ಕುಣಿದಿದೆ ಎಂದು ಗದರುತ್ತಿದ್ದವರು ಹೀಗೆ ಕೇಳಿದ್ದು ಮೀಟರಕ್ಕನ ಕರುಳಿಗೆ ನಾಟುತ್ತದೆ. ಆದರೆ ಸುಮ್ಮನೆ ಸಮಾಧಾನ ಹೇಳುವ ಜಾಯಮಾನ ಅವರದಲ್ಲ. "ಇನ್ನೊಂದು ಸುತ್ತು ಹೋಗಿ ಟೀಚರಮ್ಮ" ಎನ್ನುತ್ತಾರೆ ಅಷ್ಟೇ.

ಮೇಲೆ ಚಳಿ. ಮೀಟರಕ್ಕ ತೊಟ್ಟಿರುವುದು ಶೆಡ್ಡಿನ ತೆಳು ಅಂಗಿ. ಬೆಳಗಿನಿಂದ ಹೊಟ್ಟೆಗೂ ಏನೂ ಹಾಕಿಕೊಂಡಿಲ್ಲ, ಹಾಕಿಕೊಂಡರೆ ಉಳಿಯುವುದಿಲ್ಲ ಎಂಬ ಭಯಕ್ಕೆ. ಹಲ್ಲು ಕಟಕಟ ಎನ್ನತೊಡಗುತ್ತದೆ. ಕಣ್ಣು ಮುಳ್ಳುಗಳ ಮೇಲಿರುವಂತೆಯೇ ಅವರ ಕೈ ಹಲಗೆಯ ಕೆಳಗಿನ ಸಾಲಿಗೆ ಹೋಗಿ ಹೀಟರಿನ ನಾಬನ್ನು ಎಳೆಯುತ್ತದೆ. ಇದು ಕರೆಂಟಿನ ಹೀಟರಲ್ಲ. ನಾಬನ್ನು ಎಳೆದರೆ ಅದಕ್ಕೆ ಕಟ್ಟಿದ ಗಟ್ಟಿ ತಂತಿಯೊಂದು ಸರಿದು, ಅತ್ತ ಕಡೆ ಸಣ್ಣ ಬಾಗಿಲು ತೆರೆದು, ಇಂಜಿನ್ನಿನ ಪಕ್ಕದ ಬಿಸಿಗಾಳಿ ಒಳಗೆ ಬರುತ್ತದೆ. ಅಷ್ಟೇ ಅದರ ಕತೆ.

ಬೆಚ್ಚನೆ ಗಾಳಿ ಕಾಲಿಗೆ ತಾಗಿ, ಅಬ್ಬ ಎಂದು ಒಂದೆರಡು ಉಸಿರು ಎಳೆದುಕೊಂಡಿದ್ದಾರೆ ಅಷ್ಟೇ. ಮೂರೂ ಮುಳ್ಳು ಒಟ್ಟಿಗೆ ಜಿಗಿಯುತ್ತವೆ.

"ಅಗೋ!" ಎಂದು ಟೀಚರಮ್ಮ ಕಿರುಚುತ್ತಾರೆ. "ನೋಡಿದ್ಯಾ? ನೋಡಿದ್ಯಾ?"

"ನೋಡ್ದೆ, ನೋಡ್ದೆ. ನೀವು ಮುಂದೆ ನೋಡಿ!" ಎಂದು ಮೀಟರಕ್ಕನೂ ಕಿರುಚುತ್ತಾರೆ. ನಾಬನ್ನು ಒಳಕ್ಕೆ ತಳ್ಳುತ್ತಾರೆ. ಮುಳ್ಳುಗಳು ಇಳಿದು ಸುಮ್ಮನಾಗುತ್ತವೆ. ಎಳೆಯುತ್ತಾರೆ. ಈ ಸಲ ಏನೂ ಆಗುವುದಿಲ್ಲ. ಬಿಡದೆ ಮತ್ತೆ ತಳ್ಳಿ, ಮತ್ತೆ ಎಳೆಯುತ್ತಾರೆ. ಕುಣಿತ ಶುರು. ಹೊಟ್ಟೆ ತೊಳಸುವುದು ಯಾವಾಗಲೋ ನಿಂತುಹೋಗಿದೆ. ಮೀಟರಕ್ಕ ತೊಡೆ ತಟ್ಟಿಕೊಂಡು ನಗುತ್ತಿದ್ದಾರೆ. ನಗುತ್ತಲೇ ಪಕ್ಕಕ್ಕೆ ತಿರುಗಿದರೆ, ಟೀಚರಮ್ಮನ ಕಣ್ಣಲ್ಲಿ ನೀರು.

"ನಾನು ದಿನಾ ಎಳೀತಿದ್ದೆ ಕಣೇ ಅದನ್ನ," ಎನ್ನುತ್ತಾರೆ ಅವರು ಮೆಲ್ಲಗೆ.

ಮೇಲೇರಿದ ಕೂಡಲೇ ಅವರಿಗೆ ಚಳಿಯಾಗುತ್ತದೆ. ಎಳೆಯುತ್ತಾರೆ. ಇಳಿಯುವ ಮೊದಲು ಯಾರಿಗೂ ಗೊತ್ತಾಗದಂತೆ ಒಳಕ್ಕೆ ತಳ್ಳಿಬಿಡುತ್ತಾರೆ. ಹೋದ ವರ್ಷ ಒಮ್ಮೆ ತಮ್ಮ ಅದನ್ನು ಕಂಡು, "ಏನಕ್ಕಾ, ಈ ಬಿಸಿಲಲ್ಲಿ ಹೀಟರ್ರಾ? ವಯಸ್ಸಾಯ್ತು ನಿಂಗೆ" ಎಂದು ನಕ್ಕಿದ್ದರಂತೆ. ತಮಾಷೆಗೇ ಅಂದದ್ದು. ಅಂದಿನಿಂದ ಚಳಿಯ ವಿಷಯವನ್ನು ಬಾಯಿ ಬಿಟ್ಟಿರಲಿಲ್ಲ. ಆವತ್ತು ಕೈಯಾಟ ಆಡಿ ತೋರಿಸುವಾಗ ಅವರ ಕೈ ನಡುವೆಯೇ ನಿಂತದ್ದು, ಬಾಗಿಲಲ್ಲಿ ತಮ್ಮನನ್ನು ಕಂಡು. ಇವತ್ತು ಇಷ್ಟು ಹೊತ್ತು ನಡುಗುತ್ತಲೇ ಕೂತದ್ದು, ಪಕ್ಕದಲ್ಲಿ ಮೀಟರಕ್ಕ ಇದ್ದಾರೆಂದು. ನಾಬನ್ನು ಎಳೆದ ಪ್ರತಿ ಸಲವೂ ಮುಳ್ಳು ಕುಣಿಯುತ್ತಿರಲಿಲ್ಲವಾದ್ದರಿಂದ, ಚಳಿಗೂ ಮುಳ್ಳಿಗೂ ನಂಟಿದೆಯೆಂದು ಅವರಿಗೇ ಹೊಳೆದಿರಲಿಲ್ಲ.

ವಿಮಾನ ಇಳಿದು ನಿಂತದ್ದೇ ತಡ, ಮೀಟರಕ್ಕ ಮತ್ತೆ ಹಲಗೆಯ ಅಡಿಯಲ್ಲಿದ್ದಾರೆ. ಈ ಸಲ ಎಲ್ಲಿ ನೋಡಬೇಕೆಂದು ಗೊತ್ತಿದೆ. ನಾಬಿನ ಗಟ್ಟಿ ತಂತಿ ಹಿಂದೆ ಸರಿಯುವಾಗ ಬಾಗಿ, ವೈರುಗಳ ಕಟ್ಟನ್ನು ಒಂದೇ ಬದಿಗೆ ಒತ್ತುತ್ತದೆ. ಆ ಕಟ್ಟಿನಲ್ಲಿರುವ ಅರ್ತ್ ವೈರು ಎಳೆದಂತಾಗುತ್ತದೆ. ಹೊರಗಿನಿಂದ ನೋಡಿದರೆ ಆ ವೈರಿಗೆ ಏನೂ ಆಗಿಲ್ಲ. ತುದಿ ಕತ್ತರಿಸಿ ಪ್ಲಾಸ್ಟಿಕ್ ಸುಲಿದರೆ, ಒಳಗಿನ ತಾಮ್ರದ ಎಳೆಗಳು ಹೆಚ್ಚುಕಡಿಮೆ ಎಲ್ಲವೂ ತುಂಡಾಗಿವೆ. ತುಂಡಾದ ತುದಿಗಳು ಒಂದಕ್ಕೊಂದು ತಾಗಿಕೊಂಡಿರುವವರೆಗೆ ಮೀಟರು ಸರಿ. ಆ ಎಳೆತಕ್ಕೆ ಇಂಜಿನ್ನಿನ ನಡುಕವೂ ಸೇರಿ ತುದಿಗಳು ದೂರವಾದರೆ ಕುಣಿತ. ಸೌಟಿನಿಂದ ಎಲ್ಲ ಕಡೆಗೂ ಅಲುಗಿಸಿದ್ದರು, ಆ ಒಂದು ಬದಿಗೆ ಅಷ್ಟು ಬಲವಾಗಿ ಎಳೆದಿರಲಿಲ್ಲ.

"ತಪ್ಪು ನಂದೇ," ಎನ್ನುತ್ತಾರೆ ಮೀಟರಕ್ಕ ಬೆವರು ಒರೆಸಿಕೊಳ್ಳುತ್ತ. "ಹೀಟರ್ ನಾಬು ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಅಂದ್ಕೊಂಡೆ. ಅವರ ಕೈ ಅಲ್ಲಿಗೆ ಹೋಗಿದ್ದು ನೋಡಿದ್ದೆ. ನೋಡಿದ ಮೇಲೆ ಕೇಳಬೇಕಿತ್ತು."

ಅಷ್ಟರಲ್ಲಿ ಡಾಕ್ಟರು ಓಡಿ ಬಂದಿದ್ದಾರೆ. ಬೇಲಿಯಿಂದ ಇಲ್ಲಿಯವರೆಗೆ ಓಡಿದ್ದಕ್ಕೇ ಏದುಸಿರು. ಮೀಟರಕ್ಕ ತುಂಡಾದ ವೈರನ್ನು ಅವರ ಅಂಗೈಗೆ ಹಾಕುತ್ತಾರೆ. ಅವರು ಅದನ್ನು ಹಸುವಿನ ನಾಲಿಗೆ ನೋಡುವಂತೆ ತಿರುಗಿಸಿ ಮುರುಗಿಸಿ ನೋಡುತ್ತಾರೆ. "ಹಾಗಾದ್ರೆ ಕುಣಿದದ್ದು ನಿಜ" ಎನ್ನುತ್ತಾರೆ. "ಆದ್ರೆ ನಾನು ಹಾರಿಸುವಾಗ ಯಾಕೆ ಒಂದು ಸಲಾನೂ...?"

ಮೀಟರಕ್ಕ ಒಂದು ಕ್ಷಣ ಟೀಚರಮ್ಮನ ಕಡೆ ನೋಡುತ್ತಾರೆ. "ಮೇಲೆ ಚಳಿ ಆಯ್ತು ಡಾಕ್ಟ್ರೇ, ನನಗೆ. ಹೀಟರ್ ಎಳೆದೆ. ಆಗ ಸಿಕ್ತು" ಎನ್ನುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಬೇಕಾದರೆ ಮಾತು ಅಲ್ಲಿಗೇ ಮುಗಿಯಬಹುದು.

ಟೀಚರಮ್ಮ ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ. ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ, "ನನಗೂ ಚಳಿ ಆಗುತ್ತೆ ಕಣೋ. ಮೇಲೇರಿದಾಗಲೆಲ್ಲ ಎಳೀತೀನಿ. ನಿನ್ನಿಂದ ಮುಚ್ಚಿಟ್ಟಿದ್ದೆ. ಚಳಿ ಆಗೋದು ಬೇರೆ, ಕಣ್ಣು ಕಾಣದೆ ಇರೋದು ಬೇರೆ. ಏನೀಗ?" ಎನ್ನುತ್ತಾರೆ.

ಡಾಕ್ಟರು ವೈರನ್ನು ಜೇಬಿಗೆ ಹಾಕುತ್ತಾರೆ. ಹಣೆಯ ಬೆವರು ಒರೆಸಿಕೊಳ್ಳುತ್ತಾರೆ. "ನಾನು ತಮಾಷೆಗೆ ಅಂದಿದ್ದು ಅಕ್ಕಾ" ಎಂದು ಶುರು ಮಾಡಿದವರು ಅದನ್ನು ಮುಗಿಸುವುದಿಲ್ಲ. ಅಕ್ಕನ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಐಸಾಗಿದೆಯಲ್ಲೇ ಎಂದು ಉಜ್ಜತೊಡಗುತ್ತಾರೆ. ಅಷ್ಟು ದೊಡ್ಡ ಮನುಷ್ಯನ ಕಣ್ಣು ತೇವವಾದದ್ದನ್ನು ನೋಡಿ ಮೀಟರಕ್ಕ ಏನೋ ಹುಡುಕುವವರಂತೆ ಉಪಕರಣದ ಪೆಟ್ಟಿಗೆಗೆ ತಲೆ ಹಾಕುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಹೊಸ ವೈರು ಕೂತಿದೆ. ನಾಬಿನ ತಂತಿ ಇನ್ನು ವೈರುಗಳ ತಂಟೆಗೆ ಬರದಂತೆ ದೂರಕ್ಕೆ ಸರಿಸಿ ಬಿಗಿಯಲಾಗಿದೆ. ಟೀಚರಮ್ಮ ಮೀಟರಕ್ಕನನ್ನು ಕೂರಿಸಿಕೊಂಡು ಮತ್ತೊಮ್ಮೆ ಹಾರಿ, ಹೀಟರನ್ನು ಮನಸಾರೆ ಎಳೆದು ತಳ್ಳಿ ನೋಡಿ ಬಂದಿದ್ದಾರೆ. ಮುಳ್ಳುಗಳು ಕದಲಿಲ್ಲ. ಮೀಟರಕ್ಕ ಸಹಿ ಹಾಕುತ್ತಾರೆ. ಟೀಚರಮ್ಮ ತಮ್ಮನಿಗೆ ಪಕ್ಕದ ಸೀಟು ತೋರಿಸಿ, "ಹತ್ತು. ಕಿಟಕಿಯಿಂದ ಹೊಲ ನೋಡ್ಕೊಂಡು ಬರುವಿಯಂತೆ" ಎನ್ನುತ್ತಾರೆ. ಡಾಕ್ಟರು ಕೈಚೀಲದಂತೆ ಮುದುಡಿಕೊಂಡು ಹತ್ತುತ್ತಾರೆ.

ವಿಮಾನ ಮೇಲೇರುವುದನ್ನು ಮೀಟರಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಾರೆ. ಕತ್ತನ್ನು ಅತ್ತ ಇತ್ತ ತಿರುಗಿಸಿ ನೋವು ಇಳಿಸಿಕೊಳ್ಳುತ್ತಾರೆ. ಇನ್ನೊಂದು ವಿಮಾನ ಆಗಲೇ ಕಾಯುತ್ತಿದೆ. ಇಷ್ಟು ವರ್ಷ ದುಡಿದವರಿಗೆ ಏನಾದರೂ ಆಸೆ ಇರಬೇಕಲ್ಲ ಎಂದು ಕೇಳಿದರೆ, ಮೊದಲು ಏನಿಲ್ಲ ಎನ್ನುತ್ತಾರೆ. ಆಮೇಲೆ ಮೂಗಿನ ತುದಿಯ ಕನ್ನಡಕವನ್ನು ಮೇಲಕ್ಕೆ ತಳ್ಳಿ, ಯೋಚಿಸಿ ಹೇಳುತ್ತಾರೆ.

"ನನಗೂ ಒಂದಿನ ಎಪ್ಪತ್ತಾಗುತ್ತೆ. ಆಗ್ಲೂ ಇಲ್ಲೇ ಇರ್ತೀನಿ, ಓಡಿಸಿದ್ರೂ ಹೋಗಲ್ಲ. ಆವತ್ತು ನಾನು 'ಇಂಜಿನ್ನಲ್ಲಿ ಏನೋ ಶಬ್ದ ಕೇಳಿಸ್ತು' ಅಂದ್ರೆ, ನನ್ನ ಕಿವಿ ಪರೀಕ್ಷೆ ಮಾಡಿಸೋಕೆ ಮುಂಚೆ, ಯಾರಾದ್ರೂ ಒಬ್ಬರು ಬಂದು ಆ ಇಂಜಿನ್ ಬಿಚ್ಚಿ ನೋಡಲಿ. ಅಷ್ಟು ಸಾಕು."